ಮಕ್ಕಳಿಗೊಬ್ಬಳು ಅಕ್ಕ ಬೇಕಾಗಿದ್ದಾಗ

ಪಕ್ಕದ ಮನೆಯ ಗುಜರಾತಿ ಆಂಟಿ ಮಗನ ಜೊತೆ ಇರಲೆಂದು ಟೆಕ್ಸಾಸ್‌ಗೆ ಹೊರಟುಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಮಧ್ಯಾಹ್ನಗಳು ಖಾಲಿಯಾದವು. ಅದುವರೆಗೂ ಮಕ್ಕಳು ಸ್ಕೂಲ್ ಬಸ್ಸಿನಿಂದ ಇಳಿದವರೇ ಅವರ ಮನೆಗೆ ಹೋಗಿ, ಥೇಪ್ಲಾ ತಿಂದು, ಅವರ ಪಕ್ಕದಲ್ಲೇ ಟೀವಿ ನೋಡುತ್ತ ಕೂತಿರುತ್ತಿದ್ದರು. ನಾನು ಜರ್ಸಿ ಸಿಟಿಯಿಂದ, ನನ್ನ ಗಂಡ ಮ್ಯಾನ್‌ಹಟನ್‌ನಿಂದ ನಮ್ಮೂರು ಮನ್ರೋ ತಲುಪುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಮಗಳಿಗಾಗ ಹನ್ನೊಂದು, ಮಗನಿಗೆ ಏಳು.

ಓಪೇರ್ ಒಬ್ಬಳನ್ನು ಕರೆಸಿಕೊಳ್ಳಿ ಎಂದಳು ಆಫೀಸಿನ ಗೆಳತಿ. ಬೇರೆ ದೇಶದಿಂದ ಬಂದು, ವರ್ಷದ ಮಟ್ಟಿಗೆ ಮನೆಯವರಲ್ಲಿ ಒಬ್ಬಳಾಗಿದ್ದು, ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಯರಿಗೆ ಇಲ್ಲಿ ಹಾಗೆನ್ನುತ್ತಾರೆ. ನನ್ನ ಗಂಡನಿಗೆ ಅಷ್ಟಾಗಿ ಒಗ್ಗಲಿಲ್ಲ.

"ಮನೆಯೊಳಗೇ ಇರ್ತಾಳೆ ಅಂದ್ರೆ ಹೇಗೆ? ಭಾನುವಾರ ಲುಂಗಿ ಉಟ್ಕೊಂಡು ಓಡಾಡೋ ಹಾಗೂ ಇಲ್ಲ."

"ಉಟ್ಕೋ. ಅವಳೂ ನೋಡ್ಲಿ," ಎಂದೆ.

ಹಾಗೆ ಶುರುವಾದವು ನಮ್ಮ ಭಾನುವಾರದ ವಿಡಿಯೋ ಕಾಲ್‌ಗಳು. ಅಡುಗೆಮನೆಯ ಮೇಜಿನ ಮೇಲೆ ಕಾಫಿ ಲೋಟಗಳ ನಡುವೆ ಟ್ಯಾಬ್ಲೆಟ್ ನಿಲ್ಲಿಸಿ, ಏಜೆನ್ಸಿಯವರು ತೋರಿಸಿದ ಹುಡುಗಿಯರೊಂದಿಗೆ ಮಾತಾಡುತ್ತಿದ್ದೆವು. ಈಗ ನೆನೆದರೆ ಆ ಬೆಳಗುಗಳೆಲ್ಲ ಒಂದೇ ಉದ್ದನೆಯ ಬೆಳಗಿನಂತೆ ಕಾಣುತ್ತವೆ. ಗೊತ್ತಿಲ್ಲದ ಊರುಗಳ ಕೋಣೆಗಳು ಒಂದಾದ ಮೇಲೊಂದು ತೆರೆದುಕೊಳ್ಳುತ್ತಿದ್ದವು. ಒಂದರ ಗೋಡೆ ತಿಳಿ ಹಸಿರು. ಇನ್ನೊಂದರಲ್ಲಿ ಯಾರದೋ ತಾಯಿ ಹಿಂದಿನಿಂದ ಹಾದುಹೋಗುತ್ತ ನಮಗೆ ಕೈಬೀಸಿದ್ದಳು. ಮನ್ರೋದಿಂದ ಮ್ಯಾನ್‌ಹಟನ್‌ಗೆ ಎಷ್ಟು ಹೊತ್ತಾಗುತ್ತದೆಂದು ಕೇಳಿ ತಿಳಿದ ಜರ್ಮನಿಯ ಹುಡುಗಿ ನಯವಾಗಿ ಬೇಡವೆಂದಳು. ನಾವೆಲ್ಲ ಮೆಚ್ಚಿದ ಬ್ರೆಜಿಲ್‌ನವಳು ಕ್ಯಾಲಿಫೋರ್ನಿಯಾದ ಮನೆಯೊಂದನ್ನು ಆರಿಸಿಕೊಂಡಳು. ನಾವು ಆಯ್ಕೆ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಅವರೂ ನಮ್ಮನ್ನು ತೂಗಿ ನೋಡುತ್ತಿದ್ದರು.

ಮಗಳು ಮಾತ್ರ ಕಾಲ್‌ಗೆ ಬರುತ್ತಿರಲಿಲ್ಲ. "ಐ ಆಮ್ ನಾಟ್ ಎ ಬೇಬಿ, ಅಮ್ಮ," ಎಂದು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದಳು.

ಥಾಯ್ಲೆಂಡಿನ ಹುಡುಗಿ ತೆರೆಯ ಮೇಲೆ ಬಂದಾಗ ನಮಗೆ ಬೆಳಗು, ಅವಳಿಗೆ ಮುಸ್ಸಂಜೆ. ಊರಿನ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದಳು. ಇಂಗ್ಲಿಷನ್ನು ಒಂದೊಂದೇ ಪದ ಹುಡುಕಿ ಆಡುತ್ತಿದ್ದಳು. ನಿನ್ನ ಮನೆಯಿಂದ ಏನು ಕಾಣಿಸುತ್ತದೆ ಎಂದು ಮಗ ಕೇಳಿದ. ಅವಳು ಉತ್ತರಿಸದೆ ಎದ್ದು ಫೋನ್ ಹಿಡಿದು ಹೊರಗೆ ನಡೆದಳು. ಮೊದಲು ಒಗೆದ ಬಟ್ಟೆಗಳ ಸಾಲು, ಆಮೇಲೆ ಒಂದು ಬಾಳೆಗಿಡ, ಆಮೇಲೆ ತೆರೆಯ ತುಂಬ ನದಿ. ನೀರು ಸಂಜೆಯ ಬೆಳಕಿನಲ್ಲಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಆಚೆ ದಡದಲ್ಲಿ ಒಂದೆರಡು ದೀಪ ಹೊತ್ತಿದ್ದವು.

ಆ ದೀಪಗಳಿರುವುದು ಬೇರೆ ದೇಶದಲ್ಲಿ, ಲಾವೋಸ್‌ನಲ್ಲಿ, ಎಂದಳು ಅವಳು.

ಮಗ ಬಾಯಿ ತೆರೆದು ನೋಡುತ್ತಿದ್ದ. ಹಿಂದೆ ಸದ್ದಾಯಿತೆಂದು ತಿರುಗಿದರೆ, ಮಗಳು ಮೆಟ್ಟಿಲಿಳಿದು ಬಂದು ನನ್ನ ಕುರ್ಚಿಗೆ ಒರಗಿ ನಿಂತಿದ್ದಳು.

ಮುಂದಿನ ವಾರ ಆ ಹುಡುಗಿಯೇ ಒಂದು ಮಾತು ಕೇಳಿದಳು: ನಿಮ್ಮ ಮಗಳ ಜೊತೆ ನಾನೊಬ್ಬಳೇ ಮಾತಾಡಬಹುದೇ? ಮಗಳು ಟ್ಯಾಬ್ಲೆಟ್ ಎತ್ತಿಕೊಂಡು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮೆಟ್ಟಿಲ ಬುಡದಲ್ಲಿ ಬಟ್ಟೆ ಮಡಚುವ ನೆಪ ಮಾಡಿ ನಿಂತೆ. ಏನೂ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಕೆಳಗೆ ಬಂದಳು.

"ಏನಂದ್ಲು ಪುಟ್ಟಾ?"

"ಡು ಯು ವಾಂಟ್ ಮಿ ಟು ಕಮ್ ಅಂತ ಕೇಳಿದ್ಲು. ಐ ಸೆಡ್, ಐ ಡೋಂಟ್ ನೋ."

"ಅದಕ್ಕೆ?"

"ಶಿ ಸೆಡ್, ಮಿ ಟೂ." ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟು ಮಗಳು ಫ್ರಿಡ್ಜ್ ತೆರೆದಳು. "ಶಿ ಈಸ್ ಓಕೆ, ಅಮ್ಮ. ಶಿ ಕ್ಯಾನ್ ಕಮ್."

ವೀಸಾ ಕೆಲಸ ಮುಗಿಸಿ ಆ ಹುಡುಗಿ ಬರುವಾಗ ಎಲೆಗಳೆಲ್ಲ ಉದುರಿ, ಮನೆ ಹಿಂದಿನ ಕೊಳದ ಮೇಲೆ ಬೆಳಬೆಳಗ್ಗೆ ಮಂಜು ಕೂರುವ ಕಾಲವಾಗಿತ್ತು. ಮೊದಲ ದಿನಗಳಲ್ಲಿ ಜೆಟ್‌ಲ್ಯಾಗ್‌ನಲ್ಲಿ ನಿದ್ದೆಗಣ್ಣಿನಿಂದಲೇ ಓಡಾಡುತ್ತಿದ್ದಳು. ಅನ್ನ ಬಡಿಸಿದಾಗ ಮಾತ್ರ ಕಣ್ಣರಳಿತು. ತನ್ನನ್ನು 'ಪೀ' ಎಂದು ಕರೆಯಿರಿ ಎಂದಳು. ತಮ್ಮಲ್ಲಿ ದೊಡ್ಡವರನ್ನು ಕರೆಯುವುದು ಹಾಗೆ ಎಂದಳು. ಇಂಗ್ಲಿಷಿನಲ್ಲಿ ಅದು ಏನಾಗುತ್ತದೆಂದು ಗೊತ್ತಿದ್ದ ಮಗ ಮೇಜಿನ ಕೆಳಗೆ ಹೋಗಿ ನಕ್ಕ. ಮಗಳು ಗಂಭೀರವಾಗಿ ವಿವರಿಸಿದಳು, ನಾವು ಅಕ್ಕ ಅಂತೀವಿ, ಅದೇ ಇರಲಿ ಎಂದು.

ನಮ್ಮ ಮನೆಯ ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಯಾವುದು ಯಾವುದೆಂದು ಅವಳಿಗೆ ಹೇಳಿದವರಾರು? ಎಲ್ಲವನ್ನೂ ಇಂಗ್ಲಿಷೆಂದೇ ಕಲಿತಳು. ಒಂದು ದಿನ ಓಪೇರ್‌ಗಳೆಲ್ಲ ಸೇರುವ ಮೀಟಿಂಗಿಗೆ ಹೋಗಿಬಂದು, ಕೇಕ್ ಕೊಟ್ಟಾಗ "ಸಾಕು, ಥ್ಯಾಂಕ್ ಯೂ" ಎಂದರೆ ಯಾರಿಗೂ ಅರ್ಥವಾಗಲಿಲ್ಲ, ಇನ್ನೂ ಒಂದು ತುಂಡು ಹಾಕಿಬಿಟ್ಟರು ಎಂದಳು. ನನ್ನ ಗಂಡ ಲುಂಗಿಯಲ್ಲೇ ಸೋಫಾದ ಮೇಲೆ ಉರುಳಿ ನಕ್ಕ. ಅಂದಿನಿಂದ ಮಗಳು ಅವಳಿಗೆ ಪದಗಳನ್ನು ಬೇರ್ಪಡಿಸಿ ಹೇಳಿಕೊಡತೊಡಗಿದಳು. ನಾನು ಮನೆ ಸೇರುವ ಹೊತ್ತಿಗೆ ಮೂವರೂ ಕಿಟಕಿಯ ಬಳಿ ಹರಡಿಕೊಂಡು ಕೂತು ಕಂಡದ್ದಕ್ಕೆಲ್ಲ ಕನ್ನಡದ ಹೆಸರು ಹೇಳುತ್ತಿದ್ದರು: ಬಾತುಗಳು, ನೀರು, ಮೋಡ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಕನ್ನಡದ ಟೀಚರಾಗಿದ್ದಳು. ನಾನು ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ. ಒಳಗೆ ಹೋದರೆ ನಿಂತುಹೋದೀತೆಂಬ ಭಯ.

ಒಂದು ವರ್ಷಕ್ಕೆಂದು ಬಂದವಳು ಎರಡು ವರ್ಷ ಇದ್ದಳು. ಹೊರಡುವ ದಿನ ನೆವಾರ್ಕ್ ಏರ್‌ಪೋರ್ಟಿನಲ್ಲಿ, ನಾನು ಎಲ್ಲರ ಮನೆಯಿಂದ ಹೊರಡುವಾಗ ಹೇಳುವುದನ್ನು ಕೇಳಿ ಕಲಿತಂತೆಯೇ, "ಬರ್ತೀನಿ," ಎಂದಳು.

"ವೆನ್?" ಎಂದ ಮಗ.

ಅವಳು ಅವನ ಕೂದಲು ಸವರಿ ಗಾಜಿನ ಆಚೆ ನಡೆದಳು. ಹೊರಡುವಾಗ ನಾವೆಲ್ಲ ಹಾಗೇ ಹೇಳುತ್ತೇವೆ ಕಂದಾ ಎಂದು ಕಾರಿನಲ್ಲಿ ವಿವರಿಸಲು ಹೊರಟೆ. ಮಗಳು ಮುಂದಿನ ಸೀಟಿನಿಂದ ತಿರುಗಿ, "ಇರ್ಲಿ ಬಿಡಮ್ಮ," ಎಂದಳು.