ಸಪೂರವಾಗಿದ್ದ ರಿಂಗ್ ಪ್ಲೇಟ್

ಸಂಜೀವಣ್ಣ, ಆ ರಿಂಗ್ ಪ್ಲೇಟ್ ಬಾಗಿದ್ದು ನಿಮ್ಮ ಕೈಯಿಂದಲ್ಲ, ನನ್ನ ಲೆಕ್ಕದಿಂದ. ಅದು ನನಗೆ ಅದೇ ಸಂಜೆ ಗೊತ್ತಾಗಿತ್ತು — ನಾನು ಹೇಳಲಿಲ್ಲ.

ಡೊಂಬಿವಲಿಯ ಆ ಶೆಡ್ಡಿನಲ್ಲಿ ಕಾರ್ಖಾನೆಗಳಿಗೆ ಬೇಕಾದ ಒತ್ತಡದ ಟ್ಯಾಂಕುಗಳನ್ನು ಮಾಡುತ್ತಿದ್ದೆವು. ನೀವು ಫೋರ್‌ಮನ್, ನಾನು ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಬಂದ ಡಿಸೈನ್ ಇಂಜಿನಿಯರ್. ಇಸವಿ ಎರಡು ಸಾವಿರದ ನಾಲ್ಕು — ಐದೂ ಇರಬಹುದು. ನನ್ನ ನೆನಪನ್ನು ನಾನೀಗ ಪೂರ್ತಿ ನಂಬುವುದಿಲ್ಲ.

ಟ್ಯಾಂಕಿನ ತುದಿ ಮುಚ್ಚಲು ಬಳೆಯಾಕಾರದ ಚಪ್ಪಟೆ ತಟ್ಟೆ — ಅದೇ ರಿಂಗ್ ಪ್ಲೇಟ್ — ಬೇಕಿತ್ತು. ಹೊರ ಅಂಚು ಟ್ಯಾಂಕಿಗೆ ವೆಲ್ಡ್, ಒಳ ಅಂಚು ನಡುವೆ ಹಾಯುವ ಪೈಪಿಗೆ ವೆಲ್ಡ್. ಎರಡೂ ಅಂಚಿಗೆ ಹಿಡಿತವಿದ್ದರೆ ತೆಳು ತಟ್ಟೆಯೂ ತಾಳುತ್ತದೆ. ಹನ್ನೆರಡು ಮಿಲಿಮೀಟರ್ ಎಂದು ಬರೆದೆ. ಆಮೇಲೆ ಗಿರಾಕಿಯವರು, ಪೈಪು ಕಾದಾಗ ಹಿಗ್ಗುತ್ತದೆ, ಒಳಗಡೆ ವೆಲ್ಡ್ ಬೇಡ, ಸೋರದಂತೆ ಸಂದಿಗೆ ಪ್ಯಾಕಿಂಗ್ ತುಂಬಿ ಪೈಪನ್ನು ಜಾರಲು ಬಿಡಿ ಎಂದರು. ನಕ್ಷೆ ತಿದ್ದಿದೆ. ಲೆಕ್ಕ ತಿದ್ದಲಿಲ್ಲ. ಒಳ ಅಂಚಿಗೆ ಆಸರೆ ಹೋದ ಮೇಲೆ ದಪ್ಪ ಎರಡರಷ್ಟು ಬೇಕಿತ್ತು.

ಕತ್ತರಿಸಿ ತಂದ ತಟ್ಟೆಯ ಮೇಲೆ ನೀವು ಅಂಗೈ ಇಟ್ಟಿರಿ.

"ಇದು ಸಪೂರ ಆಯ್ತಲ್ಲ ಮಾರಾಯ್ರೆ. ನಿಮ್ಮ ಹಾಗೇ ಉಂಟು."

ಕನ್ನಡ ಬಲ್ಲ ಇಬ್ಬರು ವೆಲ್ಡರ್‌ಗಳು ನಕ್ಕರು. ಸಪೂರ — ನಿಮ್ಮ ಉಡುಪಿ ಕಡೆಯ ಮಾತು ನನಗೆ ಹೊಸದು. ತೆಳು ಎಂದಿರಬೇಕೆಂದು ಊಹಿಸಿದೆ. ಆ ನಗು ಚುಚ್ಚಿತು.

"ಸಪೂರ ಅಂದ್ರ ಎಷ್ಟ್ ಮಿಲಿಮೀಟರ್ ರೀ? ಹೇಳ್ರಿ, ಬರಕೋತೀನಿ."

"ಆಯ್ತು. ಓದಿದವರು ನೀವು," ಎಂದು ಕೈ ತೆಗೆದಿರಿ.

ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷಿಸುವ ದಿನ ಪಂಪಿನ ಹಿಡಿಕೆ ನಿಮ್ಮ ಕೈಯಲ್ಲಿತ್ತು. ಗೇಜಿನ ಮುಳ್ಳು ಮಿತಿಯ ಕೆಂಪು ಗೆರೆಗೆ ಬರುತ್ತಿದ್ದಂತೆ ಪ್ಯಾಕಿಂಗಿನ ಸುತ್ತ ನೀರು ಚಿಮ್ಮಿತು. ತಟ್ಟೆ ಬಾಣಲೆಯಂತೆ ಉಬ್ಬಿ ನಿಂತಿತ್ತು. ಮಾಲೀಕರು ಓಡಿ ಬಂದರು. "ಪ್ರೆಶರ್ ಜ್ಯಾದಾ ಮಾರಾ ಕ್ಯಾ?" — ಒತ್ತಡ ಹೆಚ್ಚು ಕೊಟ್ಟೆಯಾ ಎಂದು ಕೇಳಿದ್ದು ನಿಮ್ಮನ್ನು, ನೋಡಿದ್ದು ನನ್ನನ್ನು.

"ಹಾಂ ಸೇಠ್. ಕಾಂಟಾ ಲಾಲ್ ಕೇ ಪಾರ್ ಗಯಾ ಥಾ," ಎಂದೆ.

ಮುಳ್ಳು ಕೆಂಪು ಗೆರೆ ದಾಟಿತ್ತು — ಅಷ್ಟೇ ನಾನು ಹೇಳಿದ್ದು. ದಾಟಿದ್ದನ್ನು ಕಂಡಿದ್ದೆನೆ? ಗೊತ್ತಿಲ್ಲ. ಸಂಜೆ ಲೆಕ್ಕದ ಹಾಳೆ ತೆಗೆದು ನೋಡಿದಾಗ ಅದರಲ್ಲಿ ಒಳ ಅಂಚು ಇನ್ನೂ ವೆಲ್ಡ್ ಆಗಿಯೇ ಇದ್ದದ್ದು ಮಾತ್ರ ಗೊತ್ತು. ಹಾಳೆಯನ್ನು ಮಡಚಿ ಬದಲಾಪುರದ ಮನೆಗೆ ಒಯ್ದೆ. ಹೊಸ ತಟ್ಟೆಗೆ ಇಪ್ಪತ್ತೈದು ಮಿಲಿಮೀಟರ್ ಬರೆದು ಪಕ್ಕದಲ್ಲಿ 'ಮುನ್ನೆಚ್ಚರಿಕೆಗಾಗಿ' ಎಂದು ಸೇರಿಸಿದೆ. ಸೇಠ್ ಹೊಗಳಿದರು. ಅಷ್ಟರಲ್ಲಿ ನಿಮ್ಮನ್ನು ಕೆಲಸದಿಂದ ತೆಗೆದಾಗಿತ್ತು.

ಹತ್ತು ವರ್ಷ ಕಳೆದು, ನಾನು ಮಹಾಪೆಯ ಆಫೀಸೊಂದರಲ್ಲಿ ಕೆಲಸಕ್ಕಿದ್ದಾಗ, ಕಲ್ಯಾಣ ಸ್ಟೇಷನ್ ಎದುರಿನ ನಿಮ್ಮ ಭಾವನ ಹೋಟೆಲಿಗೆ ಅರಿಯದೆ ಹೊಕ್ಕೆ. ಕೌಂಟರಿನಲ್ಲಿ ನೀವು. ಕೂರಿಸಿ ಚಾ ತರಿಸಿದಿರಿ. ಆಮೇಲೆ, ದೂರುವ ದನಿಯಲ್ಲೂ ಅಲ್ಲ —

"ಗೆರೆಗೆ ನಿಲ್ಲಿಸಿದೆ ಅಂತಲೇ ನನ್ನ ನೆನಪು. ಆದ್ರೆ ನೀವು ನೋಡಿದ್ದೀರಿ ಅಂದ್ಮೇಲೆ ದಾಟಿರ್ಬೇಕು. ಮತ್ತೆ ಆ ಕೆಲಸಕ್ಕೆ ಕೈ ಹಾಕ್ಲಿಕ್ಕೆ ಧೈರ್ಯ ಬರ್ಲಿಲ್ಲ. ಚಾ ಕುಡೀರಿ, ತಣ್ಣಗಾಗ್ತದೆ."

ಕುಡಿದೆ. ಎದ್ದು ಬಂದೆ.

ಅಲ್ಲಿಯವರೆಗೆ ನಿಮ್ಮ ಕೆಲಸ ಹೋಯಿತೆಂದು ಮಾತ್ರ ತಿಳಿದಿದ್ದೆ. ಅಂಗೈಯಿಂದಲೇ ದಪ್ಪ ಅಳೆಯುತ್ತಿದ್ದ ನೀವು ನಿಮ್ಮ ಕೈಯನ್ನೇ ನಂಬದಂತೆ ಮಾಡಿದ್ದೆ ನಾನು — ಒಂದು ವಾಕ್ಯದಿಂದ.

ಈಗ ಕಣ್ಣು ಮುಚ್ಚಿದರೆ ಮುಳ್ಳು ಗೆರೆ ದಾಟುವುದು ಸ್ಪಷ್ಟವಾಗಿ ಕಾಣುತ್ತದೆ. ಕಂಡದ್ದನ್ನು ಹೇಳಿದೆನೋ, ಹೇಳಿದ್ದರಿಂದ ಕಾಣುತ್ತಿದೆಯೋ... ಲೆಕ್ಕದ ಹಾಳೆಗೆ ಈ ಗೊಂದಲವಿಲ್ಲ. ಮುಳ್ಳು ಕೂದಲೆಳೆಯಷ್ಟು ದಾಟಿದ್ದರೂ ಸರಿಯಾದ ದಪ್ಪದ ತಟ್ಟೆ ಬಾಗುತ್ತಿರಲಿಲ್ಲ. ಗೆರೆಯಲ್ಲೇ ನಿಂತಿದ್ದರೂ ನನ್ನ ತಟ್ಟೆ ಉಳಿಯುತ್ತಿರಲಿಲ್ಲ.

ಈ ಭಾನುವಾರ ಆ ಹಾಳೆ ಹಿಡಿದು ನಿಮ್ಮ ಕೌಂಟರಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವ ಯೋಗ್ಯತೆ ಇದೆಯೋ ಇಲ್ಲವೋ — ಹಾಳೆಯ ಕೆಳಗೆ ಒಂದು ಸಾಲು ಬರೆದು ಸಹಿ ಹಾಕಿದ್ದೇನೆ: ತಟ್ಟೆ ಸಪೂರವಾಗಿತ್ತು.