ಬೈತಲೆಗೆ ನಾಟಿ

ಇವತ್ತು ಬೆಳಿಗ್ಗೆಯೂ ಎಂದಿನಂತೆಯೇ ಶುರುವಾಯಿತು. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ನಮ್ಮನೆಯವರಿಗೆ ಎರಡು ರೊಟ್ಟಿ ತಟ್ಟಿ ಕೊಟ್ಟೆ. ಅವರು ಅಂಗಡಿಯ ಬೀಗದ ಕೈಗಾಗಿ ಇಡೀ ಮನೆ ಹುಡುಕಿಸಿ, ಅದು ತಮ್ಮ ಜೇಬಿನಲ್ಲೇ ಸಿಕ್ಕಿದ್ದಕ್ಕೆ ನನ್ನನ್ನೇ ಒಮ್ಮೆ ದುರುಗುಟ್ಟಿ ನೋಡಿ ಹೊರಟರು. ಆಮೇಲೆ ನಾನು ಕನ್ನಡಿಯ ಮುಂದೆ ನಿಂತೆ. ಉಳಿದ ಹೆಂಗಸರು ಕನ್ನಡಿಯ ಮುಂದೆ ನಿಲ್ಲುವುದು ಅಲಂಕಾರಕ್ಕೆ. ನಾನು ನಿಲ್ಲುವುದು ಪಂಚಾಯಿತಿಗೆ. ಅಂಗೈ ಒದ್ದೆ ಮಾಡಿಕೊಂಡು ನೆತ್ತಿಯ ಮುಂಭಾಗವನ್ನು ಹಿಂದಕ್ಕೆ ಒತ್ತುತ್ತೇನೆ. ಒತ್ತಿ ಹಿಡಿದಷ್ಟು ಹೊತ್ತು ಸುಮ್ಮನೆ ಮಲಗಿರುತ್ತದೆ. ಕೈ ತೆಗೆದೊಡನೆ ಒಂದೊಂದೇ ಕೂದಲು ಎದ್ದು, ಯಾರೋ ಕರೆದರೇನೋ ಎಂಬಂತೆ ಹಣೆಯ ಕಡೆಗೆ ಬಗ್ಗಿ ನಿಲ್ಲುತ್ತದೆ. ಬಾಚಣಿಗೆಯ ತುದಿಯಿಂದ ನಡುವೆ ಗೆರೆ ಎಳೆದರೆ, ಕೆರೆಯ ನೀರಿನಲ್ಲಿ ಕೋಲಾಡಿಸಿದ ಹಾಗೆ, ಗೆರೆ ಹಿಂದಿನಿಂದಲೇ ಮುಚ್ಚಿಕೊಂಡು ಬರುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ, ನನಗೆ ಬೈತಲೆಯಿಲ್ಲ. ಒಂದೂವರೆ ವರ್ಷದ ಹಿಂದೆ ಅದನ್ನು ಟರ್ಕಿ ದೇಶದಲ್ಲಿ ಬಿಟ್ಟು ಬಂದೆ.

ದಿನವೂ ಈ ಪಂಚಾಯಿತಿಯ ಕೊನೆಗೆ ನನಗೆ ನಗು ಬರುತ್ತದೆ. ಇವತ್ತು ಬರಲಿಲ್ಲ. ನಿನ್ನೆ ಸೊರಬದಿಂದ ಅಕ್ಕ ಫೋನ್ ಮಾಡಿದ್ದಳು. "ಆರಾಮಾ?" ಎಂದಳು. "ಆರಾಮು" ಎಂದೆ. "ನೀವೀಗ ದೊಡ್ಡೋರಾಗಿದೀರಿ. ಪುರಸೊತ್ತಾದಾಗ ಬನ್ನಿ" ಎಂದು ಇಟ್ಟುಬಿಟ್ಟಳು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ ನನಗೆ ಬಹುವಚನ ಕೊಟ್ಟಿದ್ದಳು! "ಹಾಳಾಗಿ ಹೋಗು" ಎಂದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಅಕ್ಕನಿಗೂ ನನ್ನ ತಲೆಗೂ ಇರುವ ಸಂಬಂಧವನ್ನು ನಿಮಗೆ ಮೊದಲು ಹೇಳಬೇಕು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬೆಳಗಿನ ಹೊತ್ತು ಅಮ್ಮನಿಗೆ ಒಲೆ, ಕೊಟ್ಟಿಗೆ ಎರಡರ ನಡುವೆ ಉಸಿರಾಡಲು ಬಿಡುವಿರುತ್ತಿರಲಿಲ್ಲವಾದ್ದರಿಂದ ನನ್ನ ತಲೆಯ ಪೂರ್ತಿ ಉಸ್ತುವಾರಿ ಅಕ್ಕನದು. ನನ್ನನ್ನು ಕಾನ್ವೆಂಟಿಗೆ ಸೇರಿಸಿದ ಮೇಲಂತೂ ಅದು ನೌಕರಿಯೇ ಆಯಿತು. ಎರಡು ಜಡೆ, ಎರಡೂ ಸಮ ಉದ್ದ, ಬಿಳಿ ರಿಬ್ಬನ್ನಿನ ಹೂವುಗಳು ಕಿವಿಯ ಮಟ್ಟಕ್ಕೆ, ನಡುವೆ ನೆಟ್ಟಗಿನ ಬೈತಲೆ. ಪ್ರಾರ್ಥನೆಯ ಸಾಲಿನಲ್ಲಿ ಸಿಸ್ಟರ್ ನಮ್ಮ ಹಿಂದಿನಿಂದ ನಡೆದು ಬರುತ್ತಿದ್ದರು. ಬೈತಲೆ ಒಂದು ಕೂದಲೆಳೆಯಷ್ಟು ಓರೆಯಾಗಿದ್ದರೂ ಅವರ ಬೂಟಿನ ಸದ್ದು ಅಲ್ಲೇ ನಿಲ್ಲುತ್ತಿತ್ತು. ಓರೆ ಬೈತಲೆ ಎಂದರೆ ಅವರ ಲೆಕ್ಕದಲ್ಲಿ ಸ್ಟೈಲು, ಸ್ಟೈಲು ಎಂದರೆ ಪಾಪ. ನನ್ನ ಹಿಂದೆ ಆ ಸದ್ದು ಒಮ್ಮೆಯೂ ನಿಲ್ಲಲಿಲ್ಲ. ಆ ಹೆಮ್ಮೆ ನನ್ನದಲ್ಲ, ಅಕ್ಕನದು. "ಇವತ್ತು ನಿಂತ್ರಾ?" ಎಂದು ಸಂಜೆ ಕೇಳುವಳು. "ಇಲ್ಲ" ಎಂದರೆ ಪರೀಕ್ಷೆ ಪಾಸಾದವಳ ಹಾಗೆ ಒಳಗೆ ಹೋಗುವಳು.

ಕಾನ್ವೆಂಟು ನನಗೆ ಕಲಿಸಿದ್ದು ಎರಡೇ. ಒಂದು, ಬಟ್ಟೆಯ ಅಂಚು ಹೊಲಿಯುವುದು. ಇನ್ನೊಂದು, ದೊಡ್ಡವರು ಏನು ಕೇಳಿದರೂ "ಎಸ್ ಸಿಸ್ಟರ್, ಥ್ಯಾಂಕ್ಯೂ ಸಿಸ್ಟರ್" ಎನ್ನುವುದು. ಮೊದಲನೆಯದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಎರಡನೆಯದು ಏನು ಮಾಡಿತು ಎನ್ನುವುದೇ ಈ ಕಥೆ.

ನಲವತ್ತೈದು ದಾಟಿದ ಮೇಲೆ ನನ್ನ ಬೈತಲೆ ಅಗಲವಾಗತೊಡಗಿತು. ಮೊದಲು ಕಾಲುದಾರಿಯಂತಿದ್ದದ್ದು ಎತ್ತಿನ ಗಾಡಿ ಹೋಗುವಷ್ಟಾಯಿತು. ಫೋಟೋಗಳಲ್ಲಿ ನನ್ನ ನೆತ್ತಿ ಬೇರೆಯವರ ಮುಖಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಫೋನಿನಲ್ಲಿ ಅಕ್ಕನಿಗೆ ಹೇಳಿದರೆ ನಕ್ಕುಬಿಟ್ಟಳು. "ಕೂದ್ಲು ಉದುರಿದ್ರೆ ಉದುರ್ಲಿ ಮಾರಾಯ್ತಿ, ತಲೆ ಇದೆಯಲ್ಲ!" ನಾನೂ ನಕ್ಕೆ. ಆದರೆ ಮತ್ತೆ ಆ ವಿಷಯ ಅವಳ ಮುಂದೆ ಎತ್ತಲು ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಇವಳಿಗೇಕೆ ಈ ಶೋಕಿ ಎಂದುಕೊಂಡಾಳು ಎನಿಸಿತು.

ಅದೇ ವರ್ಷ ನಮ್ಮನೆಯವರಿಗೆ ಟರ್ಕಿ ಪ್ರವಾಸ ಬಂತು. ಅವರದು ಬೀಜ, ಗೊಬ್ಬರದ ಅಂಗಡಿ. ವ್ಯಾಪಾರ ಚೆನ್ನಾಗಿ ಮಾಡಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿ ಸಮೇತ ವಿದೇಶ ಸುತ್ತಿಸುವುದುಂಟು. ನಾನು ಟರ್ಕಿ ಎಂದು ಫೋನಿನಲ್ಲಿ ಹುಡುಕಿದ್ದೇ ತಡ, ಮಸೀದಿ, ಸಮುದ್ರಗಳ ಜೊತೆಗೆ ಬೋಳುತಲೆಯವರು ಕೂದಲು ನೆಡಿಸಿಕೊಂಡು ನಗುತ್ತಿರುವ ಚಿತ್ರಗಳೂ ಬಂದವು. ಬರುತ್ತಲೇ ಇದ್ದವು. ಮೂರು ವಾರ ದಿನವೂ ನೋಡಿ, ಕೊನೆಗೆ ಒಂದು ದಿನ ಇವರ ತಟ್ಟೆಗೆ ಅನ್ನ ಬಡಿಸುತ್ತ ಮೆಲ್ಲಗೆ ವಿಷಯ ಇಟ್ಟೆ. ಅವರು ತುತ್ತು ನಿಲ್ಲಿಸಿ ಯೋಚಿಸಿದರು. "ಅಂದ್ರೆ, ಹಿಂದಿನ ಸಸಿ ಕಿತ್ತು ಮುಂದೆ ನಾಟಿ ಮಾಡೋದು. ಹೌದಿಲ್ಲೋ?"

"ಹೌದು."

"ಮಾಡಿಸ್ಕ್ಯಾ. ನೆಲ ಚಲೋ ಐತಿ" ಎಂದು ಮುಂದಿನ ತುತ್ತು ಕಲಸಿದರು.

ಇಸ್ತಾನ್‌ಬುಲ್‌ನಲ್ಲಿ ಉಳಿದ ಅಂಗಡಿಯವರೆಲ್ಲ ದೋಣಿಯಲ್ಲಿ ಸಮುದ್ರ ನೋಡಲು ಹೋದ ದಿನ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಸಣ್ಣ ಪುಟ್ಟದ್ದನ್ನು ಗಮನಿಸುವ ಗುಣ ನನಗಿದೆ ಎಂದು ನಾನು ಬೀಗುವುದುಂಟು. ಅಲ್ಲಿಯೂ ಗಮನಿಸಿದೆ. ನರ್ಸಿನ ಕಾಲುಚೀಲದ ಮೇಲೆ ಬೆಕ್ಕಿನ ಚಿತ್ರಗಳಿದ್ದವು. ಚಹಾದ ಗಾಜಿನ ಲೋಟಕ್ಕೆ ಸೊಂಟವಿತ್ತು. ಸಕ್ಕರೆಯ ಚಮಚ ನನ್ನ ಕಿರುಬೆರಳಿನಷ್ಟೇ ಇತ್ತು. ಗಮನಿಸದೇ ಹೋದದ್ದು ಒಂದೇ: ಗೋಡೆಯ ತುಂಬ ತೂಗುಹಾಕಿದ್ದ ಫೋಟೋಗಳಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಎಲ್ಲ ಗಂಡಸರು, ಎಲ್ಲರ ಕೂದಲೂ ಹಣೆಯ ಮೇಲೆ ಮುಂದಕ್ಕೆ ಬಾಗಿತ್ತು, ಒಂದು ತಲೆಯಲ್ಲೂ ಬೈತಲೆ ಇರಲಿಲ್ಲ.

ಡಾಕ್ಟರು ನೇರಳೆ ಬಣ್ಣದ ಪೆನ್ನಿನಿಂದ ನನ್ನ ನೆತ್ತಿಯ ಮೇಲೆ ಗೆರೆ ಹಾಕಿದರು. ಇಂಗ್ಲಿಷ್ ಬಲ್ಲ ಹುಡುಗಿಯೊಬ್ಬಳು ಅವರ ಮಾತನ್ನು ನನಗೆ ದಾಟಿಸುತ್ತಿದ್ದಳು. ಈ ಜಾಗ ಪೂರ್ತಿ ತುಂಬಬೇಕೆ ಎಂದು ಕೇಳಿದಳು. "ಎಸ್ ಡಾಕ್ಟರ್, ಥ್ಯಾಂಕ್ಯೂ" ಎಂದೆ. ಎಲ್ಲೂ ಖಾಲಿ ಬಿಡಬಾರದಲ್ಲವೇ? "ಎಸ್ ಡಾಕ್ಟರ್." ಕೂದಲು ಮುಂದಕ್ಕೆ ಬರಲಿ ಅಲ್ಲವೇ? ಆ ಹೊತ್ತಿಗೆ ನನಗೆ ಸಣ್ಣದೊಂದು ಅನುಮಾನ ಬಂದಿತ್ತು. ಆದರೆ ಬಿಳಿ ಬಟ್ಟೆ ತೊಟ್ಟವರು ಅಷ್ಟು ಮರ್ಯಾದೆಯಿಂದ ಕೇಳುವಾಗ "ಇಲ್ಲ" ಎಂದು ಹೇಳುವ ಅಭ್ಯಾಸ ನನಗಿಲ್ಲವಲ್ಲ. "ಥ್ಯಾಂಕ್ಯೂ" ಎಂದೆ.

ಆಮೇಲೆ ಮಕಾಡೆ ಮಲಗಿಸಿದರು. ತಲೆಯ ಹಿಂಭಾಗದಲ್ಲಿ ಅಂಗೈಯಗಲ ಬೋಳಿಸಿ, ಮರಗಟ್ಟುವ ಸೂಜಿ ಹಾಕಿದರು. ಸೂಜಿಯ ವಿಷಯ ಈಗ ಬೇಡ. ಸಂಜೆಯವರೆಗೂ ಒಂದೊಂದೇ ಕೂದಲು ಕಿತ್ತು ಒಂದೊಂದೇ ನೆಟ್ಟರು. ಹೊರಗೆ ಸೋಫಾದ ಮೇಲೆ ನಮ್ಮನೆಯವರ ಗೊರಕೆ ಕೇಳುತ್ತಿತ್ತು.

ಮೂರನೆಯ ದಿನಕ್ಕೆ ನನ್ನ ಹಣೆ ಊದಿ ಕಣ್ಣು ಸಣ್ಣಗಾದವು. ಬಸ್ಸಿನಲ್ಲಿದ್ದ ಹೆಂಗಸರಿಗೆ "ನೀರು ಬದಲಾಗಿದೆ" ಎಂದೆ. ತಲೆಗೆ ಸುತ್ತಿದ ಸ್ಕಾರ್ಫನ್ನು ಅವರು ಫ್ಯಾಷನ್ ಎಂದುಕೊಂಡು ತಾವೂ ಒಂದೊಂದು ಕೊಂಡರು.

ಊರಿಗೆ ಬಂದ ಮೇಲೆ ನೆಟ್ಟದ್ದೆಲ್ಲ ಉದುರಿತು. ಹಾಗಾಗುತ್ತದೆ, ಆಮೇಲೆ ಹುಟ್ಟುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹುಟ್ಟಿತು. ಒಂದೂ ಬಿಡದೆ ಹುಟ್ಟಿತು. ಎಲ್ಲವೂ ಹಣೆಯ ಕಡೆಗೆ ಮುಖ ಮಾಡಿಕೊಂಡು ಹುಟ್ಟಿತು. ನಮ್ಮನೆಯವರು ಕನ್ನಡಕ ಹಾಕಿಕೊಂಡು ಬಂದು, ಗದ್ದೆಗೆ ಬಂದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ಪರೀಕ್ಷೆ ಮಾಡಿದರು. "ಮೊಳಕೆ ನೂರಕ್ಕೆ ನೂರು ಐತಲೇ. ಸಸಿದೇನೂ ತಪ್ಪಿಲ್ಲ. ಆದ್ರೆ ಓಡಾಡಾಕೆ ಬದು ಬಿಡ್ಬೇಕಿತ್ತು. ಇವ್ರು ಬದುವಿನ ಮ್ಯಾಲೂ ನಟ್ಟಾರಲ್ಲ!" ನಾನು ನಕ್ಕು ನಕ್ಕು ಅಡುಗೆಮನೆಯ ಕಟ್ಟೆ ಹಿಡಿದುಕೊಂಡೆ. ನಗುವಾಗಲೇ ಒಂದು ವಿಷಯ ಹೊಳೆದು ನಗು ನಿಂತಿತು. ಇಷ್ಟು ದೂರ ಹೋಗಿ ನಾನು ಅಳಿಸಿಕೊಂಡು ಬಂದದ್ದು ಅಕ್ಕ ಹತ್ತು ವರ್ಷ ದಿನವೂ ಎಳೆದ ಗೆರೆಯನ್ನು.

ಅಂದಿನಿಂದ ನಾನು ಸೊರಬಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ನಮ್ಮ ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ಸಂತೆಗೆ ಹೋಗುತ್ತಿದ್ದೆ. ಅಲ್ಲಿಂದ ಮುಂದಕ್ಕೆ ಇನ್ನೊಂದು ಬಸ್ಸು ಹತ್ತಲು ಕಾಲು ಬರುತ್ತಿರಲಿಲ್ಲ. ಭಾವನ ಅರವತ್ತರ ಸಮಾರಂಭಕ್ಕೆ ಹೋದವಳು ತಲೆಯ ಮೇಲೆ ಸೆರಗು ಹೊದ್ದು, ಊಟ ಮುಗಿಸಿ, ಹೂವು ಮುಡಿಸಲು ಬಂದ ಅಕ್ಕನ ಕೈಯಿಂದ ಹೂವನ್ನು ಇಸಿದುಕೊಂಡು ಬ್ಯಾಗಿಗೆ ಹಾಕಿ ಬಂದುಬಿಟ್ಟೆ. ಆಗ ಅವಳ ಕೈ ಗಾಳಿಯಲ್ಲೇ ಉಳಿದದ್ದನ್ನು ನಾನು ನೋಡಿದೆ. ನೋಡಿಯೂ ಬಂದೆ. ದಿನವೂ ಬರುತ್ತಿದ್ದ ಫೋನು ವಾರಕ್ಕೊಮ್ಮೆಯಾಯಿತು, ಮಾತು "ಆರಾಮಾ, ಆರಾಮು" ಎಂಬಲ್ಲಿಗೆ ಬಂದು ನಿಂತಿತು. ನಿನ್ನೆ ಬಹುವಚನ. ಇನ್ನೊಂದು ವರ್ಷ ಹೀಗೇ ಬಿಟ್ಟರೆ ನಾನು ಅವಳಿಗೆ ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಕಳಿಸುವಷ್ಟು ದೂರದ ನೆಂಟರವಳಾಗುತ್ತೇನೆ ಎನಿಸಿತು.

ಕನ್ನಡಿಯ ಮುಂದಿನಿಂದ ಸರಿದವಳೇ ಬಾಗಿಲಿಗೆ ಬೀಗ ಹಾಕಿ ಸೊರಬಕ್ಕೆ ಹೊರಟೆ. ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡಿನ ಹಳೆಯ ಫೋಟೋ, ನನ್ನ ಮುಖ ಎರಡನ್ನೂ ನೋಡಿ, ಅನುಮಾನವನ್ನು ತಮ್ಮಲ್ಲೇ ಇಟ್ಟುಕೊಂಡು ಟಿಕೆಟ್ಟು ಹರಿದುಕೊಟ್ಟರು.

ಅಕ್ಕ ಬಾಗಿಲು ತೆರೆದು, "ಓಹೋ, ಬಂದ್ರಾ? ಕೂತ್ಕೊಳ್ಳಿ" ಎಂದಳು. ಕಾಫಿ ತಂದದ್ದು ಶೋಕೇಸಿನ ಚಿನ್ನದ ಅಂಚಿನ ಕಪ್ಪಿನಲ್ಲಿ. ಆ ಮನೆಯಲ್ಲಿ ನಾನು ಎಂದೂ ಆ ಕಪ್ಪಿನಲ್ಲಿ ಕುಡಿದವಳಲ್ಲ. ಅದನ್ನು ಮುಟ್ಟದೆ, ಸೆರಗು ಹಿಂದಕ್ಕೆ ಜಾರಿಸಿದೆ.

ಅಕ್ಕ ನೋಡಿದಳು. ಹತ್ತಿರ ಬಂದಳು. "ತಿರುಗು" ಎಂದಳು. ಏಕವಚನ! ಅವಳ ಬೆರಳುಗಳು ನೆತ್ತಿಯಿಂದ ಹಿಂದಕ್ಕೆ ಸರಿದು, ಹಿಂಭಾಗದ ತೆಳುವಾದ ಜಾಗದಲ್ಲಿ ನಿಂತವು.

"ಎಂತದೇ ಇದು?"

ಎಲ್ಲವನ್ನೂ ಹೇಳಿದೆ. ಕೊನೆಗೆ ಅಕ್ಕ ಕೇಳಿದಳು, "ಸೂಜಿ ಹಾಕಿದ್ರಾ?"

"ಹ್ಞೂ. ತಲೆ ತುಂಬ."

"ನೋವಾಯ್ತಾ?"

ಒಂದೂವರೆ ವರ್ಷದಲ್ಲಿ ನಮ್ಮವರು ಯಾರೂ ಇದನ್ನು ಕೇಳಿರಲಿಲ್ಲ. ನಮ್ಮನೆಯವರು ಮೊಳಕೆ ನೋಡಿದ್ದರು. ಡಾಕ್ಟರು ಕೇಳಿದಾಗ ನಾನು "ನೋ ಡಾಕ್ಟರ್, ಥ್ಯಾಂಕ್ಯೂ" ಎಂದಿದ್ದೆ. ಈಗ "ಜೀವ ಹೋಗೋ ಹಂಗಾಯ್ತು ಕಣೇ" ಎಂದೆ. ಎಂದವಳೇ ಅತ್ತುಬಿಟ್ಟೆ.

ಅಕ್ಕನಿಗೆ ಸಿಟ್ಟು ಬಂತು. "ಅಲ್ಲಿ ಅಷ್ಟು ದೂರ ಮಕಾಡೆ ಮಲಗ್ದೋಳು ನಂಗೊಂದು ಫೋನ್ ಮಾಡ್ಬಾರ್ದಿತ್ತಾ?"

"ಮಾಡಿ ಎಂತ ಹೇಳ್ಲಿ?"

"ಮಕಾಡೆ ಮಲಗಿದೀನಿ ಅಂತ ಹೇಳು! ನಾನಿಲ್ಲಿ ಏನ್ ತಿಳ್ಕೊಂಡಿದ್ದೆ ಗೊತ್ತಾ? ಪಾರಿನ್‌ಗೆ ಹೋಗ್ ಬಂದ್ಮೇಲೆ ನಮ್ಮನೆ ಹೂವು ಸೈತ ಬ್ಯಾಡಾಯ್ತು ಇವ್ಳಿಗೆ ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ ಗಂಡ ಎಲ್ಲಿದ್ದ ಆವಾಗ?" ಎಂದಳು.

"ಹೊರಗೆ ಸೋಫಾ ಮೇಲೆ ಮಲಗಿದ್ರು."

"ಗೊರಕೆ?"

"ಒಳಗೂ ಕೇಳ್ತಿತ್ತು."

ಅಕ್ಕ ನಗತೊಡಗಿದವಳು ನಿಲ್ಲಿಸಲೇ ಇಲ್ಲ. ಕಪ್ಪಿನ ಕಾಫಿಯನ್ನು ಒಳಗೆ ಒಯ್ದು, ಬಿಸಿ ಮಾಡಿ, ಸ್ಟೀಲಿನ ಲೋಟಕ್ಕೆ ಸುರಿದು ತಂದುಕೊಟ್ಟಳು. ಕುಡಿದಾದ ಮೇಲೆ ನನ್ನನ್ನು ನೆಲದ ಮೇಲೆ ಕೂರಿಸಿ, ತಾನು ಮಣೆಯ ಮೇಲೆ ಕೂತು, ಎಣ್ಣೆ ಸುರಿದಳು. ನಡುವೆ ಗೆರೆ ಎಳೆದಳು, ಮುಚ್ಚಿಕೊಂಡಿತು. ಮತ್ತೆ ಎಳೆದಳು. "ಹಠಮಾರಿ ಮುಂಡೇವು, ಥೇಟ್ ನಿನ್ ಹಂಗೇ" ಎಂದು ಬೈದಳು. ಕೊನೆಗೆ ಎಡಗಿವಿಯ ಮೇಲ್ಗಡೆ ಬೆರಳಾಡಿಸಿ, "ಇಲ್ಲಿರೋದು ನಿನ್ ಹಳೇ ಕೂದ್ಲೇ. ಇದು ನನ್ ಮಾತು ಕೇಳತ್ತೆ" ಎನ್ನುತ್ತ ಅಲ್ಲಿಂದಲೇ ಬಾಚಣಿಗೆ ಎಳೆದಳು.

"ಓರೆ ಬೈತಲೆ! ಸಿಸ್ಟರ್ ಬೈತಾರೆ ಕಣೇ."

"ಬೈಲಿ. ನಾನ್ ಬಂದು ಮಾತಾಡ್ತೀನಿ" ಎಂದಳು ಅಕ್ಕ.

ಸಂಜೆ ಶಿಕಾರಿಪುರದಲ್ಲಿ ಬಸ್ಸಿಳಿದು ಸೆರಗಿಲ್ಲದ ತಲೆಯಲ್ಲಿ ನಮ್ಮ ಓಣಿಗೆ ತಿರುಗಿದೆ. ಪಕ್ಕದ ಮನೆಯ ಶಾಂತಕ್ಕ ಮೆಟ್ಟಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಒಂದೂವರೆ ವರ್ಷದಿಂದ ಅವರ ಕಣ್ಣು ತಪ್ಪಿಸಿ ಓಡಾಡಿದವಳು ನಾನು. ಅವರು ತಲೆಯೆತ್ತಿ ನೆತ್ತಿಯನ್ನೇ ನೋಡಿದರು. ಓರೆ ಬೈತಲೆಗೊಂದು, ಮುಂದೆ ಬಾಗಿದ ಕೂದಲಿಗೊಂದು ಉತ್ತರವನ್ನು ನಾನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರು ಮತ್ತೆ ಸೊಪ್ಪಿಗೆ ಕಣ್ಣು ಇಳಿಸಿ ಅಂದರು:

"ಇಷ್ಟ್ ಎಣ್ಣಿ ನಮ್ ಕೈಯಾರೆ ನಾವು ಹಚ್ಕೊಳ್ಳಂಗಿಲ್ಲ ಬಿಡ್ರೀ. ತವರಿಗೆ ಹೋಗಿದ್ರೇನು?"