ಅಳತೆಯಣ್ಣ ಎಂಬ ಮಾತು

ಕಂಡವರ ಕಾಲು ಹಿಡಿದೇ ಮಗಳನ್ನು ಸಾಕಿದೆ ಅಂತ ಅವನು ತನ್ನನ್ನೇ ತಮಾಷೆ ಮಾಡಿಕೊಳ್ಳುತ್ತಿದ್ದ. ಸುಳ್ಳೇನಲ್ಲ ಬಿಡಿ, ಚಪ್ಪಲಿ ಅಂಗಡಿಯಲ್ಲಿ ಅವನ ಕೆಲಸವೇ ಅದು. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ನೆಲಕ್ಕೆ ಮಂಡಿಯೂರಿ, ಎರಡೂ ಪಾದಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಿದ್ದ. ಒಂದನ್ನು ಅಳೆದು ಇನ್ನೊಂದನ್ನು ಅಂದಾಜು ಮಾಡುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಹಳೇ ಯಜಮಾನರು ಅವನಿಗೆ ಅಳತೆಯಣ್ಣ ಅಂತ ಹೆಸರಿಟ್ಟರು. ಆಗ ಆ ಬೀದಿಗೆಲ್ಲ ಅದು ಹೊಗಳಿಕೆಯ ಮಾತು. ಚೌಕಟ್ಟಿಗೆ ಬಾಗಿಲು ಸರಿಯಾಗಿ ಕೂತರೆ ಪಕ್ಕದ ಬಡಗಿ, "ನೋಡಿ, ಅಳತೆಯಣ್ಣನ ಕೆಲಸ" ಎನ್ನುತ್ತಿದ್ದ.

ಮಾತಿಗೂ ವಯಸ್ಸಾಗುತ್ತದೆ, ಏನು ಮಾಡುವುದು. ಅವನ ಅಮ್ಮನಿಗೆ ಚಿಂದಿ ಅಂದರೆ ನೆಲ ಒರೆಸುವ ಬಟ್ಟೆ. ಈಗಿನ ಹುಡುಗರು ಒಳ್ಳೇ ಬೂಟು ಕಂಡರೆ "ಚಿಂದಿ ಗುರು" ಅನ್ನುತ್ತಾರೆ. ಅದಕ್ಕೆಲ್ಲ ಅವನು ನಕ್ಕು ಸುಮ್ಮನಾಗಿದ್ದ. ಆದರೆ ಒಂದು ದಿನ ಅಂಗಡಿಯ ಹುಡುಗನೊಬ್ಬ ಇನ್ನೊಬ್ಬನಿಗೆ, "ಬೇಗ ಮುಗ್ಸೋ, ಅಳತೆಯಣ್ಣ ಆಡ್ಬೇಡ" ಅಂದದ್ದು ಕಿವಿಗೆ ಬಿತ್ತು. ಎಳೆದಾಡಬೇಡ, ಗಿರಾಕಿಯ ತಲೆ ತಿನ್ನಬೇಡ ಅಂತ ಅದರ ಅರ್ಥ.

ಮಗಳೂ ಅದೇ ಅಂಗಡಿಯ ಗಲ್ಲಾದಲ್ಲಿ ಕೂರುವವಳು, ಅವನೇ ಸೇರಿಸಿದ್ದು. ಮನೆಗೆ ಬಂದು ಅವಳ ಹತ್ತಿರ ಹೇಳಿಕೊಂಡ.

"ಯಾವನೋ ತಲೆಹರಟೆ ಶುರು ಮಾಡಿರ್ತಾನೆ, ಮನಸ್ಸಿಗೆ ಹಚ್ಕೋಬೇಡಪ್ಪ" ಅಂದಳು.

ಅವನಿಗೆ ಇದ್ದದ್ದು ಒಂದೇ ಆಸೆ. ಹಳೇ ಯಜಮಾನರ ಮಗ ಮುಖ್ಯ ರಸ್ತೆಯಲ್ಲಿ ಹೊಸ ಅಂಗಡಿ ಶುರು ಮಾಡುವುದರಲ್ಲಿದ್ದ, ಅಲ್ಲಿಗೆ ಸೇರುವ ಹುಡುಗಿಯರಿಗೆ ತಾನು ಕೆಲಸ ಕಲಿಸಬೇಕು. ಆ ಮಾತು ಮತ್ತೆ ಮೊದಲಿನ ಅರ್ಥಕ್ಕೆ ಬರಬೇಕಾದರೆ ಅದೊಂದೇ ದಾರಿ ಅಂತ ಅವನ ಲೆಕ್ಕಾಚಾರ.

"ಸಣ್ಣ ಯಜಮಾನ್ರ ಹತ್ರ ನಾನು ಮಾತಾಡ್ತೀನಿ. ನೀನೇ ಹೋಗಿ ಕೇಳಿದ್ರೆ ಚೆನ್ನಾಗಿರಲ್ಲ" ಅಂದಳು ಮಗಳು.

ಅವನು ಕಣ್ಣುಮುಚ್ಚಿ ನಂಬಿದ. ದಿನಾ ಸಂಜೆ ಕೇಳುವುದು, "ಯೋಚನೆ ಮಾಡ್ತಿದಾರಂತೆ ಅಪ್ಪ" ಅಂತ ಅವಳು ಹೇಳುವುದು. ಕಾದು ಕಾದು ಸಾಕಾಗಿ ಒಂದು ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು ತಾನೇ ಹೊಸ ಅಂಗಡಿಗೆ ಹೋದ. ಸಣ್ಣ ಯಜಮಾನ ತಬ್ಬಿಬ್ಬಾದ.

"ಟ್ರೇನಿಂಗ್ ಆಗ್ಲೇ ಮೇಲ್ಗಡೆ ಶುರುವಾಗಿದೆಯಲ್ಲಣ್ಣ. ನಾನು ನಿಮ್ಮನ್ನೇ ಹಾಕೋಣ ಅಂತಿದ್ದೆ. ನಿಮ್ಮ ಮಗಳೇ ಬೇಡ ಅಂದ್ಲು. ಅಪ್ಪ ಕಲಿಸಿದ್ರೆ ವ್ಯಾಪಾರ ಆದ ಹಾಗೇನೇ, ನಾನೇ ಕಲಿಸ್ತೀನಿ ಅಂದ್ಲು. ನಿಮಗೆ ಹೇಳಿಲ್ವಾ?"

"ಹೇಳಿದ್ಲು. ನಾನೇ ಮರೆತಿದ್ದೆ" ಅಂದ ಈ ಪುಣ್ಯಾತ್ಮ. ಆಗಲೂ ಮಗಳ ಮಾನವೇ ಅವನಿಗೆ ದೊಡ್ಡದು.

ಮೆಟ್ಟಿಲು ಹತ್ತಿದ. ಮೇಲಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಖಾಲಿ ಡಬ್ಬಗಳ ನಡುವೆ ಹೊಸ ಹುಡುಗಿಯರು ಕೂತಿದ್ದರು, ಎದುರಿಗೆ ಮಗಳು ನಿಂತಿದ್ದಳು.

"ಸೈಜ್ ಕೇಳಿ, ಡಬ್ಬ ತೆಗೀರಿ, ಬಿಲ್ಲಿಗೆ ಕಳಿಸಿ. ಯಾರೂ ಅಳತೆಯಣ್ಣ ಆಡ್ಬಾರ್ದು."

"ಅಳತೆಯಣ್ಣ ಅಂದ್ರೆ ಯಾರಕ್ಕ?" ಒಬ್ಬಳು ಕೇಳಿದಳು.

"ಯಾರೂ ಇಲ್ಲ ಕಣೇ, ಸುಮ್ನೆ ಒಂದು ಮಾತು. ನಾನೇ ಶುರು ಮಾಡಿದ್ದು, ಈಗ ಅಂಗಡಿಯವರೆಲ್ಲ ಹಿಡ್ಕೊಂಡಿದ್ದಾರೆ."

ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಅನ್ನುತ್ತಾರಲ್ಲ, ಅದು ಬರೀ ಗಾದೆ ಅಂತಲೇ ಇಷ್ಟು ವರ್ಷ ತಿಳಿದಿದ್ದ ಪಾಪ. ಬಾಗಿಲು ತಳ್ಳಿ ಒಳಗೆ ಬಂದ.

"ನಾನೇ ಕಣಮ್ಮ, ಅಳತೆಯಣ್ಣ" ಅಂದ.

ಮುದುಕಪ್ಪ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಹುಡುಗಿಯರು ಗೊಳ್ಳೆಂದು ನಕ್ಕರು. ಅವನು ಅವರ ಕಡೆ ನೋಡಲೇ ಇಲ್ಲ. ಹೌದು, ಇವರು ನಮ್ಮಪ್ಪ ಅಂತ ಮಗಳು ಒಂದು ಮಾತು ಅಂದರೆ ಸಾಕಿತ್ತು, ಉಳಿದದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದ. ಮಗಳು ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಹುಡುಗಿಯರನ್ನು ನೋಡಿದಳು. ಆಮೇಲೆ ಅವಳೂ ನಕ್ಕಳು.